ಬಂದವರಿಗಾಗಿ ಬೆಚ್ಚಗಾಗುತ್ತಿದ್ದ ಮನೆ

ಸಿಡ್ನಿಯ ಎಪ್ಪಿಂಗ್‌ನಲ್ಲಿದ್ದಾಗ ನಮ್ಮ ಫ್ಲ್ಯಾಟು ಕಟ್ಟಡದ ನಟ್ಟನಡುವೆ ಇತ್ತು. ಮೇಲಿನವರು, ಕೆಳಗಿನವರು, ಅತ್ತಿತ್ತಲಿನವರು ತಂತಮ್ಮ ಮನೆ ಕಾಯಿಸಿಕೊಂಡರೆ ಆ ಕಾವು ಗೋಡೆ ದಾಟಿ ನಮಗೂ ಒಂದಿಷ್ಟು ಬರುತ್ತಿತ್ತು. ಅಲ್ಲಿನ ಚಳಿಗೆ ಅಷ್ಟು ಸಾಕು. ನಾನು ಕೆಲಸ ಮಾಡುತ್ತಿದ್ದ ಚಾಟ್ಸ್‌ವುಡ್‌ನ ಆಫೀಸಿನಲ್ಲಂತೂ ಚಳಿಗಾಲದ ಜೂನ್ ತಿಂಗಳಲ್ಲೂ ಸ್ವೆಟರ್ ಬಿಚ್ಚಿ ಕೂರಬೇಕಾಗುತ್ತಿತ್ತು. ಚಳಿಗಾಲಕ್ಕೂ ದುಡ್ಡು ಕೊಡಬೇಕು ಅನ್ನುವುದು ನನಗೆ ತಿಳಿದದ್ದು ಮೆಲ್ಬರ್ನಿಗೆ ಬಂದಮೇಲೆ.

ನನ್ನ ಗಂಡನಿಗೆ ಅಲ್ಲಿ ಇನ್ನೂ ಒಳ್ಳೆಯ ಕೆಲಸ ಸಿಕ್ಕಿತ್ತು. ಮಗಳಿಗೆ ಆಗ ಏಳು ವರ್ಷ. ಶಾಲೆ ಚೆನ್ನಾಗಿದೆ ಅಂತ ಎಲ್ಲರೂ ಹೇಳಿದ್ದರಿಂದ ಗ್ಲೆನ್ ವೇವರ್ಲಿಯಲ್ಲಿ ಮನೆ ಹಿಡಿದೆವು. ಹಲಗೆ ಗೋಡೆಯ ಹಳೇ ಮನೆ, ನೆಲಕ್ಕಿಂತ ತುಸು ಎತ್ತರಕ್ಕೆ ಕಂಬದ ಮೇಲೆ ಕೂತದ್ದು. ಮನೆ ತೋರಿಸಲು ಬಂದ ಏಜೆಂಟ್ ಹೆಮ್ಮೆಯಿಂದ ಕೋಣೆಕೋಣೆಯ ನೆಲದಲ್ಲಿದ್ದ ಕಬ್ಬಿಣದ ಜಾಲರಿಗಳನ್ನು ತೋರಿಸಿದ್ದಳು. ಗ್ಯಾಸಿನಿಂದ ಕಾದ ಗಾಳಿ ಕೊಳವೆಯಲ್ಲಿ ಬಂದು ಆ ಜಾಲರಿಗಳಿಂದ ಮನೆ ತುಂಬ ಹರಡುತ್ತದೆ. ಮೊದಲ ತಿಂಗಳು ನಾವು ಅದನ್ನು ಆರಿಸಲೇ ಇಲ್ಲ. ಹೊಸದಾಗಿ ಬಂದ ಖುಷಿ. ದೋಸೆ ಹಿಟ್ಟಿನ ಪಾತ್ರೆಯನ್ನೂ ಹುಳಿ ಬರಲಿ ಅಂತ ಜಾಲರಿಯ ಪಕ್ಕದಲ್ಲೇ ಇಟ್ಟಿರುತ್ತಿದ್ದೆ.

ಆಮೇಲೆ ಬಿಲ್ ಬಂತು. ನನ್ನ ಗಂಡ ಅದನ್ನು ನಿಂತುಕೊಂಡೇ ಫೋನಿನಲ್ಲಿ ಓದಲು ಶುರುಮಾಡಿದವರು ಓದುತ್ತ ಓದುತ್ತ ಕೂತರು.

"ಇದೇನ್ ಗ್ಯಾಸೋ ಬಂಗಾರೋ?" ಅಂದರು.

ನಾವೇನು ಇಲ್ಲದವರಲ್ಲ. ಆದರೆ ನಾನು ಸಿಡ್ನಿಯ ಕೆಲಸ ಬಿಟ್ಟು ಬಂದಿದ್ದೆ, ಇಲ್ಲಿ ಇನ್ನೂ ಸಿಕ್ಕಿರಲಿಲ್ಲ. ಸ್ವಂತ ಮನೆಗೆ ಕೂಡಿಸುತ್ತಿದ್ದ ಹಣವನ್ನು ಮುಟ್ಟಬಾರದು ಅಂತ ಇಬ್ಬರೂ ಮಾತಾಡಿಕೊಂಡಿದ್ದೆವು. ಅವತ್ತಿನಿಂದ ಹೀಟರ್ ಬೆಳಗ್ಗೆ ಮಗಳು ಎದ್ದು ಶಾಲೆಗೆ ತಯಾರಾಗುವಷ್ಟು ಹೊತ್ತು ಮಾತ್ರ ಅಂತ ಆಯಿತು. ನನ್ನ ಗಂಡ ಚಳಿ ತಡೆಯಲಿ ಅಂತ ಕಿಟಕಿ ಗಾಜಿಗೆ ನೀರು ಹಚ್ಚಿ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ಕಿನ ಬಬಲ್ ರ್ಯಾಪ್ ಅಂಟಿಸಿದರು. ಬಾಗಿಲ ಸಂದಿಗೆ ಹಳೇ ಟವೆಲ್ ಸುತ್ತಿ ತುರುಕಿದರು. ಅದನ್ನೆಲ್ಲ ಅವರು ಎಷ್ಟು ಉತ್ಸಾಹದಿಂದ ಮಾಡಿದರೆಂದರೆ, ನಾನೂ ಇದೊಂದು ಆಟವೇ ಅಂದುಕೊಂಡು ಮಗಳಿಗೆ ಎರಡು ಸ್ವೆಟರ್, ಅದರ ಮೇಲೆ ಜಾಕೆಟ್, ತಲೆಗೆ ಉಣ್ಣೆಯ ಟೊಪ್ಪಿಗೆ ಹಾಕಿ, "ನೋಡು, ಕರಡಿಮರಿ" ಅಂತ ನಗಿಸಿದೆ. ಅವಳು ಹಾಗೇ ಕೂತು ಊಟ ಮಾಡುತ್ತಿದ್ದಳು, ಹಾಗೇ ಹೋಂವರ್ಕ್ ಮಾಡುತ್ತಿದ್ದಳು.

ಒಂದು ದಿನ ಕೆಲಸಕ್ಕಾಗಿ ನನಗೆ ವಿಡಿಯೋ ಇಂಟರ್‌ವ್ಯೂ ಇತ್ತು. ಮೇಲೆ ಕಪ್ಪು ಕೋಟು, ಕಾಲ ಮೇಲೆ ರಜಾಯಿ. ನಾನು ಬಾಯಿ ತೆರೆದಾಗೆಲ್ಲ ಉಸಿರು ಹೊಗೆಯಂತೆ ಹೊರಡುತ್ತಿತ್ತು. ಆ ಕಡೆಯಿದ್ದ ಹೆಂಗಸು ಸೌಜನ್ಯದಿಂದಲೇ, "ನೀವು ಹೊರಗೆ ಕೂತಿದ್ದೀರಾ?" ಅಂತ ಕೇಳಿದಳು. ಹೌದು, ಹಿತ್ತಲಲ್ಲಿ ಕೂತಿದ್ದೇನೆ, ಬೆಳಕು ಚೆನ್ನಾಗಿದೆ ಅಂದೆ. ನನ್ನ ಹಿಂದೆ ಗೋಡೆ, ಗೋಡೆಯ ಮೇಲೆ ಕ್ಯಾಲೆಂಡರ್. ಅವಳು ಮುಂದಿನ ಪ್ರಶ್ನೆಗೆ ಹೋದಳು. ಆ ಕೆಲಸ ಸಿಗಲಿಲ್ಲ.

ಅದೇ ವಾರ ನನ್ನ ಗಂಡ ತಮ್ಮ ಮ್ಯಾನೇಜರನ್ನು ಹೆಂಡತಿಯ ಸಮೇತ ಶನಿವಾರದ ಊಟಕ್ಕೆ ಕರೆದರು. ಬೆಂಗಳೂರಿನವರು, ಇಲ್ಲಿಗೆ ಬಂದು ಬಹಳ ವರ್ಷವಾದವರು. ಹೊಸ ಕೆಲಸದಲ್ಲಿ ನನ್ನ ಗಂಡನಿಗೆ ಆಸರೆಯಾಗಿದ್ದವರು ಅವರೊಬ್ಬರೇ. ನಾನು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿದೆ. ಮಧ್ಯಾಹ್ನವೇ ಕಿಟಕಿಯ ಬಬಲ್ ರ್ಯಾಪ್ ಕಿತ್ತೆವು, ಟವೆಲ್‌ಗಳನ್ನು ವಾಷಿಂಗ್ ಮಷೀನಿನೊಳಗೆ ಹಾಕಿ ಮುಚ್ಚಿದೆವು. ಆಮೇಲೆ ನನ್ನ ಗಂಡ ಹೀಟರ್ ಹಚ್ಚಿದರು.

ಜಾಲರಿಗಳಿಂದ ಬುಸ್ಸಂತ ಬಿಸಿಗಾಳಿ ಬಂದದ್ದೇ ತಡ, ಮಗಳು ಜಾಕೆಟ್ ಎಸೆದಳು, ಒಂದು ಸ್ವೆಟರ್ ಎಸೆದಳು, ಇನ್ನೊಂದನ್ನೂ ಎಸೆದಳು. ಫ್ರಾಕ್ ಹಾಕಿಕೊಂಡು ಬಂದು ಜಾಲರಿಯ ಮೇಲೆ ಕೂತಳು. ಫ್ರಾಕು ಗಾಳಿ ತುಂಬಿ ಬಲೂನಿನಂತೆ ಉಬ್ಬಿತು. ಅತಿಥಿಗಳು ಬಂದಾಗಲೂ ಅವಳು ಅಲ್ಲೇ ಇದ್ದಳು, ಕೆನ್ನೆ ಕೆಂಪಗಾಗಿತ್ತು.

ಊಟ ಚೆನ್ನಾಗಿಯೇ ಸಾಗಿತು. ಮ್ಯಾನೇಜರ್ ಮತ್ತೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು. ಅವರ ಹೆಂಡತಿ ಶಾಲು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕುತ್ತ, "ಮನೆ ಎಷ್ಟು ಬೆಚ್ಚಗಿದೆ ಕಣ್ರೀ! ಕೂತ್ರೆ ಏಳೋಕೇ ಮನಸ್ಸು ಬರಲ್ಲ" ಅಂದರು.

ಮಗಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಜಾಲರಿಯ ಮೇಲಿಂದಲೇ, "ಆಂಟಿ, ಕ್ಯಾನ್ ಯು ಪ್ಲೀಸ್ ಕಮ್ ಎವ್ರಿ ಡೇ?" ಅಂದಳು.

"ಅಯ್ಯೋ ನನ್ ಚಿನ್ನ, ದಿನಾ ಬರ್ಬೇಕಾ? ಯಾಕೆ?"

"ಬಿಕಾಸ್ ಅಪ್ಪ ಹೀಟರ್ ಆನ್ ಮಾಡಿದ್ದು ಓನ್ಲಿ ಫಾರ್ ಯು."

ಆ ಒಂದು ವಾಕ್ಯದಲ್ಲಿ ಮಾತ್ರ ಅವಳು ಒಂದಿಷ್ಟು ಕನ್ನಡ ಸೇರಿಸಿದ್ದಳು, ಅವರಿಗೆ ಚೆನ್ನಾಗಿ ತಿಳಿಯಲಿ ಅಂತ. ನನ್ನ ಕೈಯಲ್ಲಿ ತುಪ್ಪದ ಚಮಚ ಇತ್ತು. ನಾನು ಅದನ್ನೇ ನೋಡುತ್ತ ನಿಂತೆ. ನನ್ನ ಗಂಡ ಜೋರಾಗಿ ನಕ್ಕರು. "ಭಾಳ ಚಾಷ್ಟಿ ಮಾಡ್ತಾಳ್ರಿ ಇಕಿ" ಅಂದರು. ಮ್ಯಾನೇಜರೂ ನಕ್ಕರು. ಅವರ ಹೆಂಡತಿ ನಗಲಿಲ್ಲ. ಎದ್ದುಹೋಗಿ ಮಗಳ ತಲೆ ಸವರಿ ಬಂದು ಕೂತು, ರೊಟ್ಟಿಯ ಹಿಟ್ಟನ್ನು ಎಲ್ಲಿಂದ ತರುತ್ತೀರಿ ಅಂತ ನನ್ನನ್ನು ಕೇಳಿದರು. ನಾನು ಗಲಿಬಿಲಿಯಲ್ಲಿ ಅಂಗಡಿಯ ಹೆಸರು ತಪ್ಪು ಹೇಳಿದೆ.

ಅವರು ಹೊರಟಮೇಲೆ ಬಾಗಿಲು ಹಾಕಿಕೊಂಡೆವು. ನನ್ನ ಗಂಡ ನೇರ ಹೋಗಿ ಹೀಟರ್ ಆರಿಸಿದರು. ಬುಸ್ಸೆನ್ನುವ ಸದ್ದು ನಿಂತಿತು. ಅಷ್ಟರಲ್ಲಿ ಮತ್ತೆ ಬೆಲ್ಲು. ಆಂಟಿ ಶಾಲು ಮರೆತಿದ್ದರು. ನಾನು ಬಾಗಿಲು ತೆರೆದಾಗ ನನ್ನ ಹಿಂದೆ ಮಗಳು ಯಾರೂ ಹೇಳದೆಯೇ ಸ್ವೆಟರುಗಳನ್ನು ಒಂದರ ಮೇಲೊಂದು ಹಾಕಿಕೊಂಡು ಟೊಪ್ಪಿಗೆಯನ್ನು ಕಿವಿ ಮುಚ್ಚುವಂತೆ ಎಳೆದುಕೊಳ್ಳುತ್ತಿದ್ದಳು. ಆಂಟಿ ಅವಳನ್ನು ನೋಡಿದರು. ಶಾಲು ತೆಗೆದುಕೊಂಡು, "ಬರ್ತೀನಿ ಪುಟ್ಟಿ" ಅಂತ ಅವಳಿಗೆ ಮಾತ್ರ ಹೇಳಿ ಹೋದರು.

ಮಂಗಳವಾರ ಅವರು ಒಬ್ಬರೇ ಕಾರಿನಲ್ಲಿ ಬಂದರು. ಡಿಕ್ಕಿಯಲ್ಲಿ ಚಕ್ರವಿರುವ, ಕರೆಂಟಿನಲ್ಲಿ ಕಾಯುವ ಬಿಳಿ ಆಯಿಲ್ ಹೀಟರ್.

"ಗ್ಯಾರೇಜಲ್ಲಿ ಸುಮ್ನೆ ಬಿದ್ದಿತ್ತು. ಮಗು ರೂಮಲ್ಲಿ ಇಟ್ಕೊಳ್ಳಿ. ಒಂದು ರೂಮಿಗಾದ್ರೆ ಖರ್ಚೇನೂ ಅಷ್ಟಾಗಲ್ಲ" ಅಂದರು.

ಬೇಡ ಅನ್ನಲಾಗದೆ ಇಳಿಸಿಕೊಂಡೆ. ಚಹಾ ಕುಡಿದು ಹೋಗಿ ಅಂತ ಕರೆಯಲೂ ಆಗಲಿಲ್ಲ, ಒಳಗೆ ಕರೆದರೆ ಹೊರಗಿನಷ್ಟೇ ಚಳಿ. ಬಾಗಿಲಲ್ಲೇ ನಿಂತು, ಬಾಗಿಲನ್ನು ಅರ್ಧ ಮುಚ್ಚಿಕೊಂಡೇ ಮಾತಾಡಿ ಕಳಿಸಿದೆ. ಅವರಿಗೂ ಅದು ತಿಳಿಯಿತು ಅನ್ನಿಸುತ್ತದೆ. ಬೇಗ ಹೊರಟುಬಿಟ್ಟರು.

ಸಂಜೆ ನನ್ನ ಗಂಡ ಆ ಹೀಟರನ್ನು ನೋಡಿ ಬೂಟು ಕೂಡ ಬಿಚ್ಚದೆ ನಿಂತರು.

"ಯಾಕ್ ಇಸ್ಕೊಂಡಿ?"

"ಕೊಟ್ರು. ಏನನ್ಲಿ?"

"ನಾಳೆ ಆಫೀಸಿನಾಗ ಅವರ ಮಾರಿ ಹೆಂಗ್ ನೋಡ್ಲಿ ನಾ? ಮಗಳನ್ನ ಥಂಡ್ಯಾಗ ಕೂಡ್ಸ್ಯಾನ ಅಂತ ಅವರ ಮನ್ಯಾಗ ಮಾತಾಡಿರ್ತಾರ."

"ಕೂಡ್ಸೇವಲ್ಲ ಮತ್ತ."

ಅವರು ಹೀಟರನ್ನು ತಳ್ಳಿಕೊಂಡು ಹೋಗಿ ಬಟ್ಟೆ ಒಗೆಯುವ ಕೋಣೆಯಲ್ಲಿಟ್ಟು ಬಂದರು. ಮಗಳಿಗೆ ನಾವಿಬ್ಬರೂ ಒಂದು ಮಾತೂ ಬೈಯಲಿಲ್ಲ. ಅವಳು ಟೇಬಲ್ಲಿನ ಕೆಳಗೆ ಚಿತ್ರ ಬರೆಯುತ್ತ ಕೂತಿದ್ದಳು. ತನ್ನ ಪಾಡಿಗೆ ತಾನಿದ್ದಾಳೆ ಅಂತಲೇ ನಾನು ತಿಳಿದಿದ್ದೆ.

ಕೆಲವು ದಿನಗಳಾದ ಮೇಲೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿದ್ದೆ. ಮಗಳು ತನ್ನ ಗೆಳತಿಯ ಜೊತೆ ಬಂದಳು. ಆ ಹುಡುಗಿಯ ತಾಯಿ, ಇಲ್ಲಿಯವಳೇ, ನನ್ನ ಪಕ್ಕದಲ್ಲಿದ್ದಳು. ಗೆಳತಿ ನಮ್ಮ ಮನೆಗೆ ಆಡಲು ಬರಬೇಕಂತೆ. ನಾನು ಏನಾದರೂ ನೆಪ ಹುಡುಕುವ ಮೊದಲೇ ನನ್ನ ಮಗಳು ಶುರುಮಾಡಿದಳು. ನಮ್ಮ ಮನೆ ತುಂಬಾ ಬಿಸಿ. ಅಮ್ಮ ಇಡೀ ದಿನ ಹೀಟರ್ ಹಾಕಿರುತ್ತಾಳೆ. ನೀನು ಬಂದರೆ ಬೆವರುತ್ತೀಯ, ಟೀ ಶರ್ಟ್ ಹಾಕಿಕೊಂಡೇ ಬರಬೇಕು. ನಮಗೆ ಚಳಿ ಅಂದರೇನಂತಲೇ ಗೊತ್ತಿಲ್ಲ.

ಅವಳು ನಿಜವಾಗಿ ಚೆನ್ನಾಗಿ ಹೇಳಿದಳು. ಕೈಯಿಂದ ಹಣೆ ಒರೆಸಿಯೂ ತೋರಿಸಿದಳು. ಆ ತಾಯಿ ನನ್ನ ಕಡೆ ತಿರುಗಿ, "ಅದೃಷ್ಟವಂತರಪ್ಪ ನೀವು! ನಮ್ಮನೆ ಬಿಲ್ ನೋಡಿದರೆ ನನಗೆ ಅಳು ಬರುತ್ತದೆ" ಅಂದಳು. ಅಷ್ಟು ಸಲೀಸಾಗಿ, ನಗುನಗುತ್ತ ಹೇಳಿಬಿಟ್ಟಳು. ನಮ್ಮದೂ ಅದೇ ಕತೆ ಅನ್ನುವುದಕ್ಕೆ ನನಗೆ ಅದಕ್ಕಿಂತ ಒಳ್ಳೆಯ ಸಂದರ್ಭ ಬೇಕಿರಲಿಲ್ಲ. ನಾನು ಮುಗುಳ್ನಕ್ಕು, ಹೌದು, ನಮಗೆ ಬೆಚ್ಚಗಿದ್ದರೇ ಸರಿ ಅಂದೆ. ಶುಕ್ರವಾರ ಕರೆದುಕೊಂಡು ಬನ್ನಿ ಅಂತಲೂ ಅಂದೆ.

ಮನೆಗೆ ನಡೆಯುತ್ತ ಮಗಳನ್ನು ಕೇಳಿದೆ, "ಹಂಗ್ಯಾಕ್ ಹೇಳಿದಿ ಪುಟ್ಟಿ?"

ಅವಳು ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು. "ಅಪ್ಪ ವಾಸ್ ಸ್ಯಾಡ್ ಬಿಕಾಸ್ ಆಫ್ ಮಿ. ಸೋ ಐ ಫಿಕ್ಸ್ಡ್ ಇಟ್."

ನಾನು ಅವಳಿಗೆ ಏನೂ ಹೇಳಿಕೊಟ್ಟಿರಲಿಲ್ಲ. ಅವಳಪ್ಪನೂ ಹೇಳಿಕೊಟ್ಟಿರಲಿಲ್ಲ. ದಾರಿಯುದ್ದಕ್ಕೂ ನನಗೆ ಅವಳ ಮುಖ ನೋಡಲಾಗಲಿಲ್ಲ. ನಾಚಿಕೆ ಅನ್ನುವುದು ದೊಡ್ಡವರದು ಅಂದುಕೊಂಡಿದ್ದೆ. ಮನೆಯ ಮಾನ ಕಾಯುವ ಕೆಲಸವನ್ನು ಈ ಪುಟ್ಟ ಹುಡುಗಿ ಯಾವಾಗ ತಲೆಗೆ ಹಚ್ಚಿಕೊಂಡಳೋ.

ಶುಕ್ರವಾರ ಮಧ್ಯಾಹ್ನ ನಾನು ಹೀಟರ್ ಹಚ್ಚಲು ಮರೆಯಲಿಲ್ಲ, ಆದರೆ ತಡಮಾಡಿದೆ. ಆ ಹಲಗೆ ಮನೆ ಅಷ್ಟು ಬೇಗ ಕಾಯುವಂಥದ್ದಲ್ಲ. ಗೆಳತಿ ಬಂದಳು. ಜುಲೈ ತಿಂಗಳ ಮೋಡ ಕವಿದ ದಿನ, ಆ ಹುಡುಗಿ ಅರ್ಧ ತೋಳಿನ ಟೀ ಶರ್ಟು, ಚಡ್ಡಿ ಹಾಕಿಕೊಂಡು ಬಂದಿದ್ದಳು. ಬೇಕಂತಲೇ ಹಾಗೆ ಹಾಕಿಕೊಂಡಿದ್ದಾಳೆ, ಹೇಳಿದರೆ ಕೇಳಲಿಲ್ಲ ಅಂತ ಅವಳ ತಾಯಿ ನಕ್ಕು, ಬಿಟ್ಟು ಹೋದಳು. ಸ್ವಲ್ಪ ಹೊತ್ತಿನಲ್ಲೇ ಆ ಮಗುವಿನ ತೋಳಿನ ಮೇಲೆ ರೋಮ ನಿಂತಿತು. ಬೆಳೆದ ಮನೆಯ ಶಿಸ್ತು, ಚಳಿಯಾಗುತ್ತಿದೆ ಅಂತ ಬಾಯಿಬಿಟ್ಟು ಹೇಳಲಿಲ್ಲ. ನನ್ನ ಮಗಳು ಎದ್ದುಹೋಗಿ ತನ್ನ ಜಾಕೆಟ್ ತಂದು ಅವಳಿಗೆ ಹೊದಿಸಿದಳು. ಹೀಟರ್ ಕೆಟ್ಟಿದೆ ಅಂತ ಅವಳಿಗೆ ಹೇಳಿ, ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಬೇಕು, ಅಷ್ಟೇ ಅವಳು ಕೇಳುತ್ತಿದ್ದದ್ದು.

ನನ್ನಿಂದ ಆಗಲಿಲ್ಲ. "ಕೆಟ್ಟಿಲ್ಲ. ನಾನೇ ತಡವಾಗಿ ಹಾಕಿದೆ. ನಾವು ಇದನ್ನ ಹೆಚ್ಚು ಹಾಕೋದಿಲ್ಲ" ಅಂತ ಆ ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಆ ಹುಡುಗಿ "ಓಕೆ" ಅಂದಳು. ಅವಳಿಗೆ ಅದು ಅಷ್ಟೇ. ನನ್ನ ಮಗಳು ಮಾತ್ರ ಮುಖ ತಿರುಗಿಸಿಕೊಂಡಳು. ಅವಳ ಕಿವಿ ಕೆಂಪಾಯಿತು. ಅವಳು ಕಟ್ಟಿದ್ದನ್ನು ನಾನು ಗೆಳತಿಯ ಮುಂದೆಯೇ ಕೆಡವಿದ್ದೆ. ಒಳಗೆ ಹೋಗಿ ಬಿಳಿ ಆಯಿಲ್ ಹೀಟರನ್ನು ತಳ್ಳಿಕೊಂಡು ಬಂದೆ. ಅವರಿಬ್ಬರೂ ಅದರ ಎರಡೂ ಬದಿಗೆ ಕೂತು ಆಡಿದರು. ನನ್ನ ಮಗಳು ಆ ಸಂಜೆಯೆಲ್ಲ ನನ್ನ ಜೊತೆ ಮಾತಾಡಲಿಲ್ಲ.

ಗೆಳತಿ ಹೋದಮೇಲೂ ನಾನು ಯಾವುದನ್ನೂ ಆರಿಸಲಿಲ್ಲ. ಜಾಲರಿಗಳು ಬುಸುಗುಟ್ಟುತ್ತಿದ್ದವು. ನನ್ನ ಗಂಡ ಬಂದವರು ಬಾಗಿಲಲ್ಲೇ ಸದ್ದು ಕೇಳಿ, ಒಳಗೆ ಇಣುಕಿ, ದನಿ ತಗ್ಗಿಸಿ ಕೇಳಿದರು:

"ಯಾರ್ ಬಂದಾರ?"

"ಯಾರೂ ಬಂದಿಲ್ಲ. ನಾವಽ ಇದ್ದೀವಿ."

ಅವರು ಬೂಟು ಬಿಚ್ಚಿ ಒಳಗೆ ಬಂದರು. ನಾನು ನಡೆದದ್ದನ್ನೆಲ್ಲ ಹೇಳಿದೆ, ಗೇಟಿನ ಹತ್ತಿರದ ಮಾತಿನಿಂದ ಹಿಡಿದು. ಮಗಳು ಹಣೆ ಒರೆಸಿ ತೋರಿಸಿದ್ದನ್ನು ಹೇಳುವಾಗ ಅವರು ಒಮ್ಮೆ ನಗಲು ಹೋಗಿ ನಿಲ್ಲಿಸಿದರು. ಆಮೇಲೆ ಕೈಗಳನ್ನು ಆಯಿಲ್ ಹೀಟರಿನ ಮೇಲೆ ಇಟ್ಟುಕೊಂಡು ಕೂತರು. ಸೋಮವಾರ ಮ್ಯಾನೇಜರಿಗೆ ಹೀಟರಿನ ಬಗ್ಗೆ ತಾವೇ ಥ್ಯಾಂಕ್ಸ್ ಹೇಳಿದರಂತೆ. ಅವರು, "ಹೌದಾ, ಒಳ್ಳೇದು" ಅಂದು ಮೀಟಿಂಗಿಗೆ ಹೋದರಂತೆ.

ಆ ಚಳಿಗಾಲ ಕಳೆಯಿತು. ಸಂಜೆ ಒಂದೇ ಕೋಣೆ ಕಾಯಿಸಿಕೊಂಡು ಮೂವರೂ ಅಲ್ಲೇ ಊಟ, ಅಲ್ಲೇ ಹೋಂವರ್ಕ್, ಅಲ್ಲೇ ನನ್ನ ಕೆಲಸದ ಹುಡುಕಾಟ. ಚಳಿ ಮುಗಿಯುವ ಹೊತ್ತಿಗೆ ನನಗೂ ಕೆಲಸ ಸಿಕ್ಕಿತು. ಮುಂದಿನ ಬಿಲ್ ಬಂದಾಗ ನನ್ನ ಗಂಡ ಅದನ್ನು ಜೋರಾಗಿ ಓದಲಿಲ್ಲ, ಸುಮ್ಮನೆ ಕಟ್ಟಿದರು. ಮಗಳಿಗೆ ಸುಳ್ಳು ಹೇಳಬೇಡ ಅಂತ ನಾವು ಹೇಳಲಿಲ್ಲ. ಯಾವ ಮುಖದಿಂದ ಹೇಳುವುದು? ಈಗಲೂ ಯಾರಾದರೂ ಮನೆಗೆ ಬಂದು ಏನನ್ನಾದರೂ ಹೊಗಳಿದರೆ ಅವಳು ಬಾಯಿ ತೆರೆಯುವ ಮೊದಲು ಒಮ್ಮೆ ನನ್ನ ಮುಖ ನೋಡುತ್ತಾಳೆ.