ಕೋಕಿಲಾ ಮೊಟಕುಮಾಡಿದ ಸ್ವಾಗತ ಪತ್ರ

ಬ್ಯಾಂಕಿನ ಕೌಂಟರಿನಲ್ಲಿ ಕೂರುತ್ತಿದ್ದ ಕಾಲದಲ್ಲೇ ಕೋಕಿಲಾಳ ನಾಲಿಗೆಗೆ ಮ್ಯಾನೇಜರುಗಳೂ ಹೆದರುತ್ತಿದ್ದರು. ಸ್ವಯಂನಿವೃತ್ತಿ ತೆಗೆದುಕೊಂಡ ಮೇಲೆ ಅವಳು ಮಲ್ಲೇಶ್ವರದ ಒಂದು ಸಂಗೀತ ಸಭೆ ಸೇರಿದಳು. ಸಂಗೀತವೆಂದರೆ ಪ್ರಾಣ, ಸಭೆ ನಡೆಸುವವರೆಂದರೆ ತಾತ್ಸಾರ. ಅದರಲ್ಲೂ ಅಧ್ಯಕ್ಷ ನಂಜುಂಡಯ್ಯನವರು! ಕಛೇರಿಗೆ ಮುಂಚೆ ಅರ್ಧ ಗಂಟೆ ಭಾಷಣ ಬಿಗಿಯದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ. ಬೇರೆಯವರಿಗೆ ಶಾಲು ಹೊದಿಸಲು ಹೋಗಿ ತಾವೇ ಒಂದು ಹೊದ್ದು ಬರುವ ಆಸಾಮಿ.

೨೦೦೮ರಲ್ಲಿ ಸಭೆಗೆ ವೆಬ್‌ಸೈಟ್ ಆಯಿತು. ಅಲ್ಲಿ ಇ-ಮೇಲ್ ವಿಳಾಸ ಕೊಟ್ಟವರಿಗೆ ಕಛೇರಿಗಳ ಸುದ್ದಿಪತ್ರ ಕಳಿಸುವುದು ಕೋಕಿಲಾಳ ಪಾಲಿಗೆ ಬಂತು. ವಿಳಾಸ ಕೊಟ್ಟ ಕೂಡಲೇ ಒಂದು ಸ್ವಾಗತ ಪತ್ರ ತಾನಾಗಿಯೇ ಹೋಗುತ್ತಿತ್ತು. ಅದರಲ್ಲಿನ ಲಿಂಕ್ ಒತ್ತಿ ಖಾತ್ರಿಪಡಿಸಿದವರಿಗೆ ಮಾತ್ರ ಮುಂದಿನ ಸುದ್ದಿ. ಎರಡು ಸಾಲಿನ ಕೆಲಸ. ಆದರೆ ಆ ಪತ್ರವನ್ನು ತಾವೇ ಬರೆಯಬೇಕೆಂದು ನಂಜುಂಡಯ್ಯನವರು ಹಟ ಹಿಡಿದರು.

ಗಣಪತಿ ಸ್ತುತಿ, ನಾದದ ಮಹಿಮೆ, ಸಭೆಯ ಇತಿಹಾಸ, ಆ ಇತಿಹಾಸದಲ್ಲಿ ಮುಕ್ಕಾಲು ಪಾಲು ಅವರದೇ ಚರಿತ್ರೆ, ಎಲ್ಲಕ್ಕಿಂತ ಮೇಲೆ ಪೇಟ ತೊಟ್ಟ ಅವರ ಫೋಟೋ. ಲಿಂಕ್ ಎಲ್ಲೋ ತಳದಲ್ಲಿ.

"ಸಾರ್, ಮನೆಗೆ ಬಂದೋರ್ನ ಹೊಸ್ತಿಲಲ್ಲೇ ನಿಲ್ಲಿಸ್ಕೊಂಡು ನಮ್ ತಾತನ ಕಥೆ ಹೇಳ್ತೀವಾ? ಬನ್ನಿ, ಕೂತ್ಕೊಳ್ಳಿ ಅಂದ್ರೆ ಸಾಕಲ್ವಾ?"

"ನಿಮಗೆ ಗೊತ್ತಾಗಲ್ಲಮ್ಮ. ಇದಕ್ಕೊಂದು ಗಾಂಭೀರ್ಯ ಬೇಕು."

ರಾಮನವಮಿ ಕಛೇರಿಗೆ ಮೈಸೂರಿನಿಂದ ಶ್ರೀವಿದ್ಯಾ ಎಂಬ ಹೊಸ ಗಾಯಕಿ ಬರುವವಳಿದ್ದಳು. ಹಿಂದಿನ ದಿನದ ಗಾಳಿಮಳೆಗೆ ಪೆಂಡಾಲು ಕಿತ್ತುಹೋಯಿತು. ಕಛೇರಿ ಶಾಲೆಯೊಂದರ ಹಾಲ್‌ಗೆ ಬದಲಾಯಿತು. ಸುದ್ದಿ ಕಳಿಸಲು ಕೂತ ಕೋಕಿಲಾ ನೋಡಿದರೆ, ವಿಳಾಸ ಕೊಟ್ಟವರು ನೂರಾರು ಮಂದಿ. ಖಾತ್ರಿಪಡಿಸಿದವರು ಕಮಿಟಿಯವರು ಮತ್ತು ನಂಜುಂಡಯ್ಯನವರ ಬೀಗರು ಮಾತ್ರ. ಜಾಗ ಬದಲಾದ ಸುದ್ದಿ ಅವರಿಗಷ್ಟೇ ಹೋಯಿತು.

ಆ ಸಂಜೆ ಶ್ರೀವಿದ್ಯಾ ಖಾಲಿ ಬೆಂಚುಗಳಿಗೆ ತೋಡಿ ರಾಗ ಹಾಡಿದಳು. ಒಂದು ಸ್ವರವನ್ನೂ ಅವಸರ ಮಾಡಲಿಲ್ಲ. ಕೇಳುತ್ತಿದ್ದ ಕೋಕಿಲಾ ಖಾಲಿ ಬೆಂಚುಗಳನ್ನೂ ಅಧ್ಯಕ್ಷರನ್ನೂ ಸರದಿಯಲ್ಲಿ ದುರುಗುಟ್ಟಿ ನೋಡಿದಳು.

ಮಂಗಳವಾದ ಮೇಲೆ ನಂಜುಂಡಯ್ಯನವರು ನಿಟ್ಟುಸಿರುಬಿಟ್ಟರು. "ಈಗಿನ ಜನಕ್ಕೆ ಸಂಗೀತ ಎಲ್ಲಿ ಬೇಕಮ್ಮ?"

"ಬೇಕು ಅಂತಾನೇ ವಿಳಾಸ ಕೊಟ್ಟಿದ್ರು ಸಾರ್. ನಿಮ್ ಪೇಟ ದಾಟ್ಕೊಂಡು ಕೆಳಗಿಳಿಯಕ್ಕೆ ಆಗ್ಲಿಲ್ಲ ಅವ್ರಿಗೆ. ಜನ ಯಾಕ್ ಬರ್ಲಿಲ್ಲ ಅಂತ ಆ ಹುಡುಗಿಗೆ ನೀವೇ ಹೇಳಿ, ಹೋಗಿ."

ಅವರು ಕಾರು ಹತ್ತಿದರು. ಹುಡುಗಿಯ ಬಳಿ ಹೋಗಿ ಕ್ಷಮೆ ಕೇಳಿದವಳು ಕೋಕಿಲಾ.

ಮರುದಿನ ಯಾರನ್ನೂ ಕೇಳದೆ ಅವಳು ಆ ಪುರಾಣವನ್ನೆಲ್ಲ ಅಳಿಸಿದಳು. "ನಮಸ್ಕಾರ, ನೀವು ಬಂದದ್ದು ಸಂತೋಷ. ಕಛೇರಿಗಳ ಸುದ್ದಿ ಬೇಕಿದ್ದರೆ ಇಲ್ಲಿ ಒತ್ತಿ" ಎಂದಷ್ಟೇ ಬರೆದು, ಖಾತ್ರಿಪಡಿಸದೆ ನಡುವೆ ನೇತಾಡುತ್ತಿದ್ದವರಿಗೆಲ್ಲ ಮತ್ತೆ ಕಳಿಸಿದಳು. ಸಂಜೆಯೊಳಗೆ ಖಾತ್ರಿಗಳು ಸಾಲುಗಟ್ಟಿದವು. ಡಿಸೆಂಬರಿನಲ್ಲಿ ಶ್ರೀವಿದ್ಯಾಳನ್ನು ಮತ್ತೆ ಕರೆಸಿದಾಗ ಜನ ಬಾಗಿಲ ಬಳಿ ನಿಂತು ಕೇಳಿದರು.

ವಾರ್ಷಿಕ ಸಭೆಯಲ್ಲಿ ನಂಜುಂಡಯ್ಯನವರು ಮೈಕು ಹಿಡಿದರು. "ಸ್ವಾಗತ ಅಂದ್ರೆ ಚುಟುಕಾಗಿರ್ಬೇಕು ಅಂತ ನಾನು ಮೊದಲಿಂದ್ಲೂ ಹೇಳ್ತಾನೇ ಬಂದಿದೀನಿ…" ಮಾತು ಮುಗಿಯುವ ಲಕ್ಷಣ ಕಾಣಲಿಲ್ಲ. ಕಮಿಟಿಯವರು ಚಪ್ಪಾಳೆ ತಟ್ಟಿದರು. ಕೋಕಿಲಾ ಕಿರ್ರೆನ್ನುವಂತೆ ಕುರ್ಚಿ ಸರಿಸಿ, ಎದ್ದು ಕಾಫಿಗೆ ಹೊರಟಳು.