ಬಿರುಕಿನಲ್ಲಿ ಗಂಧದ ಕಡ್ಡಿ

ನಮ್ಮ ಹಳೆಯ ಪಿಕಪ್‌ನ ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಿದ್ದಕ್ಕೆ ಕಥೆಯೇನೂ ಇಲ್ಲ. ಬಿಸಿಲಿಗೆ ನಿಂತು ನಿಂತು ಪ್ಲಾಸ್ಟಿಕ್ ಒಣಗಿತು, ಬಿರಿಯಿತು. ಆದರೆ ಅಣ್ಣನ ಬಳಿ ಕಥೆಗಳಿವೆ. ಗುಬ್ಬಿಯ ಹತ್ತಿರ ಕರು ಅಡ್ಡ ಬಂದು ಬ್ರೇಕ್ ಒತ್ತಿದಾಗ ಆಯಿತು ಎಂದು ಒಮ್ಮೆ, ದೇವರೇ ಇಷ್ಟರಲ್ಲಿ ಕಂಟಕ ಕಳೆದ ಎಂದು ಇನ್ನೊಮ್ಮೆ. ಕೇಳಿ ಕೇಳಿ ನನಗೂ ಆ ಕರುವಿನ ನೆನಪಿದೆ: ಕಂದು ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕೆ. ಆ ದಿನ ನಾನು ಗಾಡಿಯಲ್ಲೇ ಇರಲಿಲ್ಲ. ನೆನಪಿನ ಯೋಗ್ಯತೆ ಇಷ್ಟು.

ಗಾಡಿ ನನ್ನ ಹೆಸರಿನಲ್ಲಿದೆ, ಓಡಿಸುವವನು ಅಣ್ಣ. ಮದುವೆಗಳಿಗೆ ಶಾಮಿಯಾನ, ಕುರ್ಚಿ, ಪಾತ್ರೆ ಸಾಗಿಸುತ್ತಾನೆ. ಡ್ಯಾಶ್‌ಬೋರ್ಡಿನ ಮೇಲೆ ಗಣಪತಿಯನ್ನು ಅಂಟಿಸಿ, ದಿನಾ ಬೆಳಿಗ್ಗೆ ಗಂಧದ ಕಡ್ಡಿ ಹಚ್ಚಿ, ಪಕ್ಕದ ಬಿರುಕಿಗೇ ಸಿಗಿಸುತ್ತಿದ್ದ. ದೇವರೇ ಮಾಡಿಕೊಟ್ಟ ಸ್ಟ್ಯಾಂಡು! ಬಿರುಕು ಅಗಲವಾಯಿತು, ಕೆಂಡ ಒಳಗೆ ಬೀಳತೊಡಗಿತು. ಹೋದ ತಿಂಗಳು ಕುಣಿಗಲ್ ದಾಟುವಾಗ ಮೀಟರಿನ ಹಿಂದಿನಿಂದ ಹೊಗೆ ಬಂತು. ಗಂಧದ್ದಲ್ಲ, ವೈರ್ ಸುಟ್ಟ ಹೊಗೆ.

"ದೇವ್ರು ಕಾಪಾಡ್ದ ಕಣೇ," ಎಂದ ಫೋನಿನಲ್ಲಿ.

"ಬೆಂಕಿ ಇಟ್ಟೋನು ಯಾರಣ್ಣಾ?"

"ಥೂ, ಎಂಥ ಮಾತಾಡ್ತೀಯೇ!"

ಆ ಗಾಡಿಯ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಕಿಟಕಿಯಿಂದ ಕೈ ಹೊರಹಾಕಿ ತೆಗೆಯಬೇಕು. ಹೊಗೆಯಲ್ಲಿ ಇವನು ಮೊದಲು ಹಿಡಿಯನ್ನು ಹುಡುಕುತ್ತಾನೋ, ಗಣಪತಿಯನ್ನೋ? ನನಗೆ ಗೊತ್ತಿತ್ತು. ಅವನು ಮನೆಗೆ ಬಂದ ಕೂಡಲೇ ಕೀ ಕಿತ್ತುಕೊಂಡೆ.

ತುಮಕೂರಿನಲ್ಲಿ ಸೀಟ್ ಕವರ್ ಹೊಲಿಯುವವನ ಬಳಿ ಗಾಡಿ ಒಯ್ದೆ. ಅವನು ನೋಡಿದ್ದೇ ತಡ, "ಅಕ್ಕಾ, ಮೇಲೊಂದ್ ಕಾರ್ಪೆಟ್ ಅಂಟಿಸ್ಬುಡ್ತೀನಿ. ಏನೂ ಕಾಣಲ್ಲ," ಎಂದ. ಏನೂ ಕಾಣದಂತೆ ಮಾಡುವುದನ್ನೇ ಈ ಊರಿನಲ್ಲಿ ರಿಪೇರಿ ಎನ್ನುತ್ತಾರೆ.

"ಬಿಚ್ಚಿ ಒಳಗಿಂದ ಮಾಡಪ್ಪಾ."

"ಹಂಗಾರೆ ದೇವ್ರನ್ನ ನೀವೇ ಎತ್ಕೊಳಿ. ನಾಳೆ ಗಾಡಿ ಕೆಟ್ರೆ ನನ್ ತಲೆಗೆ ಕಟ್ತೀರ."

ಎತ್ತಿದೆ. ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಬೂದಿ, ಅರ್ಧ ಉರಿದ ಕಡ್ಡಿಗಳು, ಒಣಗಿದ ಸೇವಂತಿಗೆ ಸೀಟಿನ ಮೇಲೆಲ್ಲ ಉದುರಿದವು. ನಡುವೆ ಸಿಪ್ಪೆ ಕರಗಿ ತಾಮ್ರ ಹಲ್ಲು ಕಿರಿಯುವ ವೈರು. ಅವನು ವೈರ್ ಬದಲಿಸಿ, ಬಿರುಕಿನ ಅಡಿಗೆ ಸಣ್ಣ ತಂತಿ ಜಾಲರಿ ಇಟ್ಟು, ಪ್ಲಾಸ್ಟಿಕ್ ಕರಗಿಸಿ ಬೆಸೆದ. ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದ. ಬಣ್ಣ ಕೂಡಲಿಲ್ಲ.

"ಬಿಸ್ಲಿಗೆ ಅದೇ ಮ್ಯಾಚ್ ಆಯ್ತದೆ ಬುಡಿ."

ಎಲ್ಲ ಸೋಮಾರಿತನಕ್ಕೂ ಬಿಸಿಲೇ ಜಾಮೀನು.

ಅಣ್ಣ ಬಂದ. ಹೊಸ ಬಣ್ಣದ ಮೇಲೆ ಬೆರಳಾಡಿಸಿ, "ಕಡ್ಡಿ ಎಲ್ಲಿ ಸಿಗಿಸ್ಲಿ?" ಎಂದ.

"ಮನೇಲಿ."

"ಸಣ್ಣದೊಂದು ತೂತ್ ಹೊಡ್ಕೊಡ್ಲಾ ಅಣ್ಣಾ?" ಎಂದ ಅಂಗಡಿಯವನು, ಬೂದಿಯನ್ನು ಅದೇ ತಾನೇ ಗುಡಿಸಿದ್ದವನು!

"ನೋಡ್ದಾ, ಅವ್ನಿಗಿರೋ ಭಕ್ತಿ ನಿನಗಿಲ್ಲ."

"ಭಕ್ತಿ ಇರೋರು ಬಸ್ಸಲ್ಲಿ ಹೋಗ್ಬಹುದು," ಎಂದೆ. ಹೋದ, ಬಸ್ಸಿನಲ್ಲೇ.

ಹುಲಿಯೂರುದುರ್ಗದ ಮದುವೆಗೆ ಕುರ್ಚಿ ಮುಟ್ಟಿಸುವ ದಿನ ಬಂತು. ಕೀ ಕೊಡಲಿಲ್ಲ, ನಾನೇ ಓಡಿಸಿದೆ. ಪಕ್ಕದಲ್ಲಿ ಅಣ್ಣ, ಮುಷ್ಟಿಯಲ್ಲಿ ಹಚ್ಚದ ಕಡ್ಡಿ. ಬೆಂಕಿಪೊಟ್ಟಣ ನನ್ನ ಬ್ಯಾಗಿನಲ್ಲಿ. ದಾರಿಯುದ್ದಕ್ಕೂ ಇಬ್ಬರೂ ಬಾಲ್ಯ ನೆನೆದೆವು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ನಾನು ಡೀಸೆಲ್ ಮುಳ್ಳು ನೋಡುತ್ತಿದ್ದೆ.

ಕುರ್ಚಿ ಇಳಿಸಿದ ಮೇಲೆ ಕೈ ಚಾಚಿದ. "ಬೆಂಕಿಪೊಟ್ಣ ಕೊಡೇ."

"ಎಲ್ಲಿ ಹಚ್ತೀಯ?"

"ಆಚೆ ಕಣಮ್ಮಾ! ಆಚೆ! ನಾನೇನು ಸಾಯಕ್ಕೆ ಹುಟ್ಟಿದೀನಾ?"

ಬಂಪರಿನ ಮುಂದೆ ನಿಂತು, ಗಾಜಿನೊಳಗೆ ಮತ್ತೆ ಕೂತಿದ್ದ ಗಣಪತಿಗೆ ಮುಖ ಸಿಂಡರಿಸಿಕೊಂಡೇ ಬೆಳಗಿದ. ಕಡ್ಡಿಯನ್ನು ರಸ್ತೆ ಬದಿಯ ಮಣ್ಣಿಗೆ ಚುಚ್ಚಿದ. ಬೆಂಕಿಪೊಟ್ಟಣ ವಾಪಸ್ ಇಸಿದುಕೊಂಡು, ಆಮೇಲೆ ಕೀ ಕೊಟ್ಟೆ.