ಬಡ್ಡಿಯಿಲ್ಲದ ಮೋಟಾರು

ನಿಜಾಮರ ರಾಜ್ಯದ ಕಡೆಯ ವರ್ಷಗಳವು. ಮೀಸೆ ಸರಿಯಾಗಿ ಚಿಗುರುವ ಮೊದಲೇ ನನಗೆ ಸ್ವಂತ ಮೋಟಾರಿನ ಹುಚ್ಚು ಹತ್ತಿತ್ತು. ನಾನು ಮಕ್ತಲ್‌ನ ದೇಸಾಯರ ಡ್ರೈವರು. ಅವರು ಹೊಸ ಗಾಡಿ ತರಿಸಿದಾಗ ಹಳೆಯದು ಕೊಟ್ಟಿಗೆ ಸೇರಿತು. ಅದನ್ನು ಕೊಂಡು ನಾರಾಯಣಪೇಟೆಗೂ ಮಕ್ತಲ್‌ಗೂ ಬಾಡಿಗೆ ಹೊಡೆಯಬೇಕೆಂದು ನನ್ನ ಆಸೆ. ಕೈಯಲ್ಲಿ ಬಿಡಿಗಾಸಿಲ್ಲ. ನಾರಾಯಣಪೇಟೆಯ ಸೀರೆ ವ್ಯಾಪಾರಿಗಳಲ್ಲಿ ಸಾಲ ಕೇಳಿದೆ. ಹೊಲ ಐತೇನು, ಮನಿ ಐತೇನು ಎಂದು ವಿಚಾರಿಸಿ, ಚಹಾ ಕುಡಿಸಿ ಸಾಗಹಾಕಿದರು.

ಕೊನೆಗೆ ದೇಸಾಯರೇ ಕರೆದು, ಗಾಡಿ ಒಯ್ಯಿ, ಕಿಸ್ತಿನಲ್ಲಿ ತೀರಿಸು ಎಂದರು. ಬಡ್ಡಿ ಎಷ್ಟೆಂದು ಕೇಳಿದೆ.

"ಬಡ್ಡಿ ಬ್ಯಾಡ. ನಾ ಹೇಳಿಕಳಿಸಿದಾಗ ಗಾಡಿ ಬರಬೇಕು. ಯಾರನ್ನ ಕುಂದ್ರಸ್ತೀವಿ, ಎಲ್ಲಿಗೆ ಒಯ್ತೀವಿ, ಅದನ್ನ ನೀ ಕೇಳಬ್ಯಾಡ."

ನನಗೆ ಸ್ವರ್ಗ ಮೂರೇ ಗೇಣು. ಅವ್ವ ಮಾತ್ರ ಉಣ್ಣುವ ತಾಟು ಬಿಟ್ಟು ಎದ್ದಳು. ಬಡ್ಡಿ ಬಿಡುವ ದೊಡ್ಡವರನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲವಂತೆ. ನಿನಗೇನು ತಿಳಿಯುತ್ತೆ ಎಂದು ರೇಗಿದೆ.

ಮೊದಮೊದಲು ಮದುವೆ, ಜವಳಿಯ ಬಾಡಿಗೆ ಚೆನ್ನಾಗಿಯೇ ನಡೆಯಿತು. ಆಮೇಲೆ ದೇಸಾಯರ ಇಬ್ಬರು ಆಳುಗಳು ಹತ್ತತೊಡಗಿದರು. ಯಾವುದೋ ಹಳ್ಳಿಗೆ ಹೋಗಿ, ಒಬ್ಬ ರೈತನನ್ನು ನಡುವೆ ಕೂರಿಸಿಕೊಂಡು ಗದ್ವಾಲದ ದಾರಿ ಹಿಡಿಸುತ್ತಿದ್ದರು. ಕೃಷ್ಣೆಯ ಈಚೆ ದಂಡೆಗೆ ದೇಸಾಯರ ತೋಟದ ಮನೆ. ಅವನನ್ನು ಅಲ್ಲಿ ಇಳಿಸಿ, ನನ್ನನ್ನು ಖಾಲಿ ಗಾಡಿಯೊಂದಿಗೆ ಕಳಿಸುತ್ತಿದ್ದರು. ಬಿಟ್ಟಿ ಚಾಕರಿ ಮಾಡುವುದಿಲ್ಲ, ಹೊಲ ಬಿಡುವುದಿಲ್ಲ ಎಂದವರು ಅವರೆಲ್ಲ. ಅಲ್ಲಿಂದ ಊರಿಗೆ ಮರಳಿದ ಒಬ್ಬರನ್ನೂ ನಾನು ನೋಡಲಿಲ್ಲ.

ನನ್ನ ಹಾರ್ನ್ ಕೇಳಿದರೆ ಹೆಂಗಸರು ಮಕ್ಕಳನ್ನು ಒಳಗೆಳೆದು ಅಗಳಿ ಹಾಕತೊಡಗಿದರು. ಬಾಡಿಗೆಗೆ ಹತ್ತುವವರೇ ಇಲ್ಲ. ಹೆದರಿಕೆಗೆ ಉಂಡದ್ದು ಮೈಗೆ ಹತ್ತಲಿಲ್ಲ. ಅವ್ವನ ಕೈಯ ಬಂಗಾರದ ಪಾಟ್ಲಿ ಮಾರಿ, ಉಳಿದ ಕಿಸ್ತನ್ನೆಲ್ಲ ಒಮ್ಮೆಗೇ ತಂದು ದೇಸಾಯರ ಮುಂದಿಟ್ಟೆ. ಅವರು ಅತ್ತ ನೋಡಲೂ ಇಲ್ಲ.

"ನಿನ್ನ ಹತ್ರನ ಇಟ್ಕೊ. ರೊಕ್ಕ ಯಾರು ಕೇಳ್ಯಾರ? ನಾಳಿ ಮುಂಜಾನೆ ದಾಮರಗಿದ್ದಕ್ಕ ಹೋಗೋದೈತಿ," ಎಂದು ಎಲೆಗೆ ಸುಣ್ಣ ಹಚ್ಚಿಕೊಂಡರು.

ದಾಮರಗಿದ್ದದಲ್ಲಿ ನನ್ನ ಅಕ್ಕನ ಮನೆ. ಆ ಊರಲ್ಲಿ ಬೇರೆ ಮನೆಗಳಿಲ್ಲವೇ ಎಂದು ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಳುಗಳು ಊರ ಅಗಸಿ ಬಾಗಿಲು ದಾಟಿಸಿ, ಹನುಮಪ್ಪನ ಗುಡಿಯ ಹಿಂದಿನ ಓಣಿಗೆ ತಿರುಗಿಸು ಎಂದರು. ಅವರು ನಿಲ್ಲಿಸೆಂದ ಬಾಗಿಲ ಮುಂದೆ ಬ್ರೇಕು ಒತ್ತಿದೆ. ಇದು ನಮ್ಮಕ್ಕನ ಮನೆ ಎಂದೆ.

"ಗೊತ್ತೈತಿ. ಹಾರ್ನ್ ಹೊಡಿ," ಎಂದ ಒಬ್ಬ.

ಅಕ್ಕ ಹಿಟ್ಟಿನ ಕೈಯಲ್ಲೇ ಹೊರಬಂದಳು. ನನ್ನನ್ನು ಕಂಡು ನಕ್ಕವಳು, ಹಿಂದೆ ಕೂತವರನ್ನು ನೋಡಿ ಅಲ್ಲೇ ನಿಂತಳು. ಭಾವ ಹೊಲದ ತಕರಾರಿನಲ್ಲಿ ದೇಸಾಯರಿಗೆ ಬಗ್ಗಿರಲಿಲ್ಲ. ಎಷ್ಟು ಸಲ ಅವರ ಕರೆ ಬಂದರೂ ಊರು ಬಿಟ್ಟು ಹೋಗಿರಲಿಲ್ಲ. ಅವತ್ತು ರುಮಾಲು ಸುತ್ತಿಕೊಂಡು ಬಂದೇಬಿಟ್ಟ. ಕಣ್ಣಲ್ಲೇ ಬೇಡ ಎಂದೆ, ಅವನು ಅದನ್ನು ನೋಡಲಿಲ್ಲ. ಅಕ್ಕ ಅವನ ತೋಳು ಹಿಡಿದಳು.

"ಅಂಜಬ್ಯಾಡ. ನಿನ್ನ ತಮ್ಮನ ಗಾಡಿ ಐತಲ್ಲ," ಎಂದ ಭಾವ.

ಅಕ್ಕ ತೋಳು ಬಿಟ್ಟಳು. ಅವನು ನನ್ನ ಮಗ್ಗುಲಲ್ಲೇ ಕೂತ. ಮಕ್ತಲ್ ದಾಟಿ, ದೂರದಲ್ಲಿ ಕೃಷ್ಣೆ ಕಾಣುವಾಗ ಗಾಡಿ ಎಷ್ಟಕ್ಕೆ ಬಿತ್ತೆಂದು ಕೇಳಿದ. ಹೇಳಿದೆ.

"ಭಾಳ ಅಗ್ಗ ಸಿಕ್ಕೈತಿ ಬಿಡು," ಎಂದ.